ಮರದಲ್ಲಿ ಸಿಕ್ಕರೆ ಒಂದು

ಕುಡ್ತರಿಯ ಗದ್ದೆ ಕೊಯ್ದು ಹತ್ತೇ ದಿನ.
ಕೂಳೆ ಇನ್ನೂ ಹಸಿ, ಅಂಗಾಲಿಗೆ ಚುಚ್ಚುತ್ತದೆ.
ಪಿಚ್ಚಿನ ನಡುವೆ ಹೆಬ್ಬೆರಳು ಒತ್ತಿದರೆ
ಮಳೆಗಾಲ ಮೆಲ್ಲಗೆ ಮೇಲೆ ಬರುತ್ತದೆ.
ಇಂಥಲ್ಲಿ, ಈ ಸಲದ ಮೊದಲ ಆಟ.

ರುಮ್ಡಾಮೊಳಿನಿಂದ ನಾವು ಹನ್ನೆರಡು ಮಂದಿ
ಮೈಲಾರಿಯ ಟೆಂಪೊದಲ್ಲಿ.
ವಾರವೆಲ್ಲ ಅದು ಸಿಮೆಂಟು ಹೊರುತ್ತದೆ,
ಇಳಿದಾಗ ಎಲ್ಲರ ಅಂಡೂ ಬೂದಿ ಬಣ್ಣ.
ಟೈಲ್ಸ್ ಕೂರಿಸುವವರು, ಗಿಲಾವು ಮಾಡುವವರು,
ಮೀನು ಮಾರ್ಕೆಟ್ಟಿನಲ್ಲಿ ಐಸು ಒಡೆಯುವ ದಾವಲ್‌ಸಾಬ.
ನಾನು ಬೋರ್ಡ್ ಬರೆಯುವವನು.
ಅಕ್ಷರ ಚೆನ್ನಾಗಿದೆ ಎಂದು
ಸ್ಕೋರು ಬರೆಯಲು ಕೂರಿಸಿದ್ದಾರೆ.

ಅವರದು ಎಪ್ಪತ್ತೊಂದು.
ನಮ್ಮದು ಅರವತ್ತೊಂಬತ್ತು, ಉಳಿದದ್ದು ಒಂದು ಚೆಂಡು.
ಮೂರು ಬೇಕು.
ಎದುರಿಗೆ ಫಕೀರೇಶ, ಕೊನೆಯವನು,
ಎಡ ಹೆಬ್ಬೆರಳಿನ ಉಗುರು ಸುತ್ತಿಗೆ ಬಿದ್ದು ಕಪ್ಪು.

ಅವನಿಗೆ ನಿಂತು ಹೊಡೆಯಲು ಬರುವುದಿಲ್ಲ.
ಹಗಲೆಲ್ಲ ಮಾಡುವ ಹಾಗೇ ಮೊಣಕಾಲು ಊರಿದ,
ನೆಲದ ಮಟ್ಟ ನೋಡುವವನಂತೆ
ಕಣ್ಣು ಕಿರಿದು ಮಾಡಿ
ಬೀಸಿದ.

ಸದ್ದು ಕೇಳಿಯೇ ನಾನು ಪೆನ್ನು ಎತ್ತಿ ಆರು ಬರೆಯಲು ಹೋದೆ.
ಹಳದಿ ಚೆಂಡು ಏರಿತು, ಬದುವಿನ ಕಡೆಗೆ, ಇನ್ನೂ ಏರಿತು,
ಬದುವಿನ ತೆಂಗಿನ ತಲೆಯೊಳಗೆ ಹೊಕ್ಕಿತು.
ಒಂದು ಗರಿ ಅಲುಗಿತು.
ಒಣಗಿದ ಹೊಂಬಾಳೆಯ ಚೂರೊಂದು
ಅವಸರವಿಲ್ಲದೆ ಕೆಳಗೆ ಬಂತು.
ಚೆಂಡು ಬರಲಿಲ್ಲ.

ಕೆಳಗೆ ಅವರ ನಾಲ್ವರು, ಬಾಯಿ ತೆರೆದು, ಕೈ ಚಾಚಿ.
ಇಲ್ಲಿ ಫಕೀರೇಶ, ದಾವಲ್‌ಸಾಬ,
ಯಾವುದನ್ನೂ ನೋಡದೆ
ಮೂರು ಓಡಿ ಮುಗಿಸಿ, ಕೂಳೆಯ ಮೇಲೆ ಬಿದ್ದು
ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು.

ಅಂಪೈರ್ ಮೆನಿನೊ ಅವರ ಊರಿನವನು, ಬಸ್ ಕಂಡಕ್ಟರ್.
ಒಂದು ಬೆರಳು ಎತ್ತಿದ.
ಔಟ್ ಕೊಡುವಾಗಲೂ ಅವನು ಎತ್ತುವುದು ಅದನ್ನೇ.
ನಾವು ಕೂಗಿದೆವು. ನಾನು ಎಲ್ಲರಿಗಿಂತ ಜೋರಾಗಿ.

ಅವನು ಕೂಗಲಿಲ್ಲ.
ನನ್ನ ತೊಡೆಯ ಮೇಲಿನ ಪುಸ್ತಕ ತೆಗೆದುಕೊಂಡು
ಕೊನೆಯ ಹಾಳೆ ತಿರುವಿ ನನ್ನ ಮುಂದೆ ಹಿಡಿದ.
ಕನ್ನಡ ಅವನಿಗೆ ಬಾರದು. ಜಾಗ ಮಾತ್ರ ನೆನಪಿತ್ತು.
"ವಾಚ್," ಎಂದ.

ಓದಿದೆ. ನನ್ನದೇ ಅಕ್ಷರ.
ಹೋದ ಮಾರ್ಚಿನಲ್ಲಿ ಅವರ ಆಗ್ನೆಲ್ ಹೊಡೆದದ್ದು
ಇದೇ ಮರ ಹತ್ತಿದಾಗ
ಆರು ಕೊಡುವುದಿಲ್ಲ ಎಂದು ಅರ್ಧ ಗಂಟೆ ವಾದಿಸಿ
ಗೆದ್ದು, ಬರೆದದ್ದು:
ಮರದಲ್ಲಿ ಸಿಕ್ಕರೆ ಒಂದು.
'ಒಂದು' ಕೆಳಗೆ ಎರಡು ಗೆರೆ.
ಅದರಡಿ ಎಲ್ಲರ ಸಹಿ, ಆಗ್ನೆಲ್‌ನದೂ.

ಎಪ್ಪತ್ತು ಎಂದು ಬರೆದೆ. ಪುಸ್ತಕ ಮುಚ್ಚಿದೆ.

ಫಕೀರೇಶ ಮರ ಹತ್ತಲು ಹೋದ, ಆಳೆತ್ತರ ಹತ್ತಿಯೂ ಹತ್ತಿದ.
ಇರುವೆ ಮುತ್ತಿದವು.
ಮರದ ಮುದುಕ ಕುಸ್ತೋದಿಯೊ ಜಗಲಿಯಿಂದ ಬೈದ:
ಕಾಯಿ ಕೀಳುವವನು ಮೂರು ತಿಂಗಳಿಗೊಮ್ಮೆ ಬರುತ್ತಾನೆ,
ಬಂದು ಹೋಗಿ ಒಂದು ವಾರ, ಅಲ್ಲಿತನಕ ಯಾರೂ ಮುಟ್ಟಕೂಡದು.
ಬೈದು ಮುಗಿಸಿ ಎಲ್ಲರಿಗೂ ಲಿಂಬು ಸೋಡಾ ಕಳಿಸಿದ.

ವಾಪಸು ಬರುವಾಗ ಟೆಂಪೊದಲ್ಲಿ ಮಾತಿಲ್ಲ.
ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ, ಉದ್ದ.
ಅದರ ನಡುವೆ ಎಲ್ಲೋ ಫಕೀರೇಶ ಕೇಳಿದ:
"ಮೂರು ಓಡಿದ್ವಿ ಅಲ್ಲಲೇ,
ಒಂದ ಬರಕೊಂಡಿ.
ಉಳಿದ ಎರಡು ಎಲ್ಲಿ ಹೋದವು?"

ಪುಸ್ತಕದಲ್ಲಿ ಅದಕ್ಕೆ ಮನೆ ಇಲ್ಲ.
ವೈಡಿಗೆ ಇದೆ, ಬೈಗೆ ಇದೆ.

ಎರಡನೆಯ ಆಟ ಗೆದ್ದೆವು, ಎಷ್ಟರಿಂದ ಎಂದು
ಹಾಳೆ ತಿರುವಿಯೇ ಹೇಳಬೇಕು.
ಫಕೀರೇಶನಿಗೆ ಈಗ ಕುಡ್ತರಿಯಲ್ಲೇ ಕೆಲಸ,
ಯಾರದೋ ಬಚ್ಚಲಿಗೆ ನೀಲಿ ಟೈಲ್ಸು.
ಊಟದ ಹೊತ್ತಿಗೆ ಬದುವಿಗೆ ಹೋಗಿ ನಿಲ್ಲುತ್ತಾನಂತೆ.
ಗಾಳಿ ಬಂದು ಗರಿ ಅಲುಗಿದರೆ
ಎರಡು ಕೈ ಬೊಗಸೆ ಮಾಡಿ
ಒಂದು ಹೆಜ್ಜೆ ಮುಂದೆ.

"ಹಿಡದ್ರ ನೀನ ಔಟ್ ಆಗ್ತಿ ನೋಡಲೇ,"
ಎಂದ ಮೈಲಾರಿ.